ಆಗಲೇ ಹೇಳೀರಿ

ಮೊದಲು ಒಂದು ತಿದ್ದುಪಡಿ.

ಕಳೆದ ವರ್ಷ ಸುಮಾರು ಮೂರು ತಿಂಗಳ ಕಾಲ ನಾನು ಪರಿಚಯದವರಿಗೆಲ್ಲ ಒಂದು ಸುದ್ದಿ ಹೇಳುತ್ತಿದ್ದೆ: ನಾನೇ ಬರೆದ ಸಾಫ್ಟ್‌ವೇರಿನಲ್ಲಿ ದೋಷವೊಂದು ಸೇರಿಕೊಂಡಿದೆ, ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ. ಆ ಸುದ್ದಿ ತಪ್ಪು. ಸಾಫ್ಟ್‌ವೇರು ಸರಿಯಾಗಿತ್ತು. ದೋಷ ನನ್ನ ಮಿದುಳಿನಲ್ಲಿತ್ತು.

ಇನ್ನೊಂದು ಮಾತನ್ನೂ ಮೊದಲೇ ಹೇಳಬೇಕು. ಈ ಬರಹದ ಒಂದು ಭಾಗಕ್ಕೆ ನಾನು ಸಾಕ್ಷಿಯಲ್ಲ. ಹೆಚ್ಚುಕಡಿಮೆ ಆರು ವಾರ ನನ್ನ ತಲೆಯಲ್ಲಿ ಉಳಿದೇ ಇಲ್ಲ. ಆ ದಿನಗಳ ವಿವರ ನನಗೆ ಹೇಳಿದವರು ಹೆಂಡತಿ ಸುನಂದಾ, ಮಗಳು ಕೇತಕಿ, ನಾಸಿಕದಲ್ಲಿ ನಾನು ತಿಂಡಿ ತಿನ್ನುವ ಹೋಟೆಲಿನ ಶೆಟ್ಟರು, ಮತ್ತು ನನ್ನದೇ ಲ್ಯಾಪ್‌ಟಾಪು. ಯಾರು ಹೇಳಿದ್ದು ಎಂಬುದನ್ನು ಅಲ್ಲಲ್ಲೇ ತಿಳಿಸುತ್ತೇನೆ. ಮೂವತ್ತು ವರ್ಷ ಮರಾಠಿ ದಿನಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಕೆಲಸ ಮಾಡಿದವನಿಗೆ ಮೂಲ ಹೇಳದೆ ಬರೆಯುವುದು ಬರುವುದಿಲ್ಲ.

ನಮ್ಮದು ಬಾಗಲಕೋಟೆ ಕಡೆಯ ದೇಸಾಯರ ಮನೆತನ. ಕೆಲಸ ಹಿಡಿದು ನಾಸಿಕಕ್ಕೆ ಬಂದೆ, ಇಲ್ಲೇ ಉಳಿದೆ. ಸುನಂದಾ ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದಾಳೆ. ಎರಡು ವರ್ಷದ ಹಿಂದೆ ಅವಳಿಗೆ ಛತ್ರಪತಿ ಸಂಭಾಜಿನಗರಕ್ಕೆ, ಹಿಂದಿನ ಔರಂಗಾಬಾದಿಗೆ, ವರ್ಗವಾಯಿತು. ಕೇತಕಿಗೂ ಅಲ್ಲೇ ಫಾರ್ಮಸಿ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅವರಿಬ್ಬರು ಅಲ್ಲಿ, ನಾನು ನಾಸಿಕದ ಪಂಚವಟಿಯ ಫ್ಲಾಟಿನಲ್ಲಿ ಒಬ್ಬನೇ. ಶನಿವಾರ ಮಧ್ಯಾಹ್ನದ ಬಸ್ಸು ಹತ್ತಿದರೆ ಯೇವಲಾ, ವೈಜಾಪುರ ದಾಟಿ ಸಂಜೆಗೆ ಅವರ ಮನೆ. ಸೋಮವಾರ ವಾಪಸು. ವಾರದ ಐದು ದಿನ ನನ್ನ ಜೊತೆ ಇದ್ದದ್ದು ಆ ಸಾಫ್ಟ್‌ವೇರು ಮಾತ್ರ. ಅದಕ್ಕೆ ನಾನಿಟ್ಟ ಹೆಸರು ಕಪಾಟು.

ಕಪಾಟು ಹುಟ್ಟಿದ್ದು ಡೈರಿಗಳ ಕಾಟದಿಂದ. ನನ್ನ ಹತ್ತಿರ ಮೂವತ್ತರ ಹತ್ತಿರ ಡೈರಿಗಳಿದ್ದವು. ಯಾರ ಮಗಳ ಮದುವೆ ಯಾವಾಗ, ಯಾವ ಔಷಧ ನನಗೆ ಒಗ್ಗುವುದಿಲ್ಲ, ಮನೆಯ ಕಾಗದಪತ್ರ ಯಾವ ಪೆಟ್ಟಿಗೆಯಲ್ಲಿದೆ ಎಲ್ಲವೂ ಅವುಗಳಲ್ಲಿತ್ತು. ಬೇಕಾದಾಗ ಒಂದೂ ಸಿಗುತ್ತಿರಲಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಆ್ಯಪ್‌ಗಳನ್ನು ನೋಡಿದೆ. ಅವು ನನ್ನ ಕೆಲಸಕ್ಕಿಂತ ತಮ್ಮ ಕೆಲಸ ಹೆಚ್ಚು ಹೇಳುತ್ತಿದ್ದವು. ಐವತ್ತರ ವಯಸ್ಸಿನಲ್ಲಿ ಪುಸ್ತಕ ಇಟ್ಟುಕೊಂಡು ಪ್ರೋಗ್ರಾಮಿಂಗ್ ಕಲಿತೆ. ಸಿಕ್ಕಿಬಿದ್ದಲ್ಲಿ ಕೇತಕಿ ಬಿಡಿಸುತ್ತಿದ್ದಳು. ಒಬ್ಬ ವ್ಯಕ್ತಿಗೆ ಒಂದು ಕಾರ್ಡು, ಒಂದು ವಸ್ತುವಿಗೆ ಒಂದು ಕಾರ್ಡು, ಮಾಡಬೇಕಾದ ಒಂದು ಕೆಲಸಕ್ಕೆ ಒಂದು ಕಾರ್ಡು. ಬರೆದ ಗಳಿಗೆ ತಾನಾಗಿ ದಾಖಲಾಗುತ್ತದೆ. ಐದು ವರ್ಷ ತಿದ್ದಿ ತಿದ್ದಿ ಅದು ನನ್ನ ಕೈಗೆ ಹೊಂದಿಕೊಂಡಿತ್ತು.

ಅದರಲ್ಲಿ ನನಗೆ ಹೆಮ್ಮೆಯಿದ್ದದ್ದು ಒಂದು ನಿಯಮದ ಬಗ್ಗೆ. ಒಂದೇ ಸುದ್ದಿ ಮೂರನೇ ಪುಟದಲ್ಲೂ ಏಳನೇ ಪುಟದಲ್ಲೂ ಬರುವುದು ಸುದ್ದಿಮನೆಯ ಹಳೆಯ ರೋಗ. ಅದು ನನ್ನ ಮನೆಗೆ ಬರಬಾರದೆಂದು, ಇದ್ದ ವಿಷಯವನ್ನೇ ಮತ್ತೆ ಬರೆದರೆ ಕಪಾಟು ತಡೆಯುವಂತೆ ಮಾಡಿದ್ದೆ. ತಡೆದಾಗ ಪರದೆಯ ಮೇಲೆ ಒಂದು ಸಾಲು ಮೂಡುತ್ತಿತ್ತು: ‘ಆಗಲೇ ಹೇಳೀರಿ.’ ಅದು ನನ್ನ ತಾಯಿಯ ಮಾತು. ಅಪ್ಪ ಊಟದ ಹೊತ್ತಿಗೆ ಅದೇ ಕಥೆ ಮತ್ತೆ ಶುರು ಮಾಡಿದರೆ ಅವಳು ತಲೆಯೆತ್ತದೆ ಅಷ್ಟೇ ಅನ್ನುತ್ತಿದ್ದಳು.

ಮೊದಲ ಸಲ ಅದನ್ನು ಕಂಡಾಗ ಕೇತಕಿ ನಕ್ಕುಬಿಟ್ಟಿದ್ದಳು. ನಾಸಿಕದಲ್ಲೇ ಬೆಳೆದ ಹುಡುಗಿ, ಅವಳಿಗೆ ಕನ್ನಡ ತಿಳಿಯುವಷ್ಟು ಆಡಲು ಬರುವುದಿಲ್ಲ. “ಪಪ್ಪಾ, ಕಾಯ್ ಹೇ! ಆ್ಯಪ್ ಅಜ್ಜಿ ಹಂಗ ಬೋಲತದ,” ಅಂದಿದ್ದಳು. ಇದೇನು, ಅಜ್ಜಿಯ ಹಾಗೆ ಮಾತಾಡುತ್ತದಲ್ಲ ಎಂದು.

“ಯಂತ್ರಕ್ಕೂ ಬಹುವಚನ ಕಲಿಸ್ಯಾರ ನಿಮ್ಮ ಪಪ್ಪಾ,” ಅಂದಿದ್ದಳು ಸುನಂದಾ.

ಮಳೆಗಾಲ ಮುಗಿದ ಮೇಲಿನ ಒಂದು ಬೆಳಿಗ್ಗೆ ನಾನು ಒಂದು ಕಾರ್ಡು ಬರೆದೆ: ‘ಬಾಲ್ಕನಿಯ ನಲ್ಲಿಗೆ ವಾಷರ್ ತರಬೇಕು.’ ಕಪಾಟು ಹೇಳಿತು: ‘ಆಗಲೇ ಹೇಳೀರಿ.’ ನಾನು ಹೇಳಿರಲಿಲ್ಲ. ತೆರೆದು ನೋಡಿದೆ. ಅದೇ ಸಾಲು, ಅಕ್ಷರಕ್ಕೆ ಅಕ್ಷರ, ನಲವತ್ತು ನಿಮಿಷದ ಹಿಂದೆ ದಾಖಲಾಗಿತ್ತು.

ಆಗ ನಾನು ತೆಗೆದುಕೊಂಡ ತೀರ್ಮಾನ ನನಗೆ ಚೆನ್ನಾಗಿ ನೆನಪಿದೆ: ಪ್ರೋಗ್ರಾಮು ಒಂದೇ ಬರಹವನ್ನು ಎರಡು ಸಲ ಉಳಿಸುತ್ತಿದೆ, ಗಡಿಯಾರದ ಲೆಕ್ಕವೂ ತಪ್ಪುತ್ತಿದೆ. ಬೇರೆ ವಿವರಣೆ ಹೊಳೆಯಲೇ ಇಲ್ಲ. ತಾನು ಬರೆದ ಪ್ರೋಗ್ರಾಮಿನ ಮೇಲೆ ಅನುಮಾನ ಬರುವುದು ಸಹಜ. ತನ್ನ ಮೇಲೆ ತನಗೇ ಯಾಕೆ ಬರಬೇಕು?

ಅದೇ ಹೊತ್ತಿಗೆ ಇನ್ನೊಂದು ಕಿರಿಕಿರಿ. ಬರೆದದ್ದರ ನಡುವೆ ಬೇಡದ ಚಿಹ್ನೆಗಳು ನುಸುಳುತ್ತಿದ್ದವು. ‘ಕೇತಕಿ’ ಎಂದು ಬರೆದರೆ ನಡುವೆ ಒಂದು ಸಾಲು ಕೊಂಬುಗಳು, ‘ಬಸ್ಸು’ ಎಂದರೆ ಹಿಂದೆ ನಾಲ್ಕು ಏತ್ವ. ಕೀಬೋರ್ಡು ಹಾಳಾಗಿದೆ ಎಂದು ಹೊರಗಿನಿಂದ ಒಂದು ತಂದು ಜೋಡಿಸಿದೆ. ಅದರಲ್ಲೂ ಬಂತು. ಇನ್ನೊಂದು ತಂದೆ. ಅಂಗಡಿಯವನು ಮರಾಠಿಯಲ್ಲಿ, “ಕಾಕಾ, ಒಂದು ತಿಂಗಳಲ್ಲಿ ಎರಡು ಕೀಬೋರ್ಡ್? ಬರೀತೀರೋ, ತಬಲಾ ಬಾರಿಸ್ತೀರೋ?” ಎಂದು ಕೇಳಿದ. ನಾನೂ ನಕ್ಕೆ.

ಎಡಗೈ ಜಗ್ಗುತ್ತಿದ್ದದ್ದು ಗೊತ್ತಿತ್ತು. ಯಾರೋ ಮೊಣಕೈಗೆ ಹಗ್ಗ ಕಟ್ಟಿ ಸೆಳೆದು ಬಿಟ್ಟ ಹಾಗೆ. ಒಂದೆರಡು ಸೆಕೆಂಡು, ಮುಗಿಯಿತು. ಜೊತೆಗೆ ಕೆನ್ನೆಯೂ ಸೊಟ್ಟಗಾಗುತ್ತಿತ್ತಂತೆ, ಅದು ನನಗೆ ಕಾಣಲಿಲ್ಲ. ಹತ್ತಿರದ ಡಾಕ್ಟರಿಗೆ ತೋರಿಸಿದೆ. ಕುತ್ತಿಗೆಯ ನರ, ಕೂತು ಕೂತು ಹೀಗಾಗಿದೆ ಎಂದರು. ರಕ್ತದಲ್ಲಿ ಉಪ್ಪಿನಂಶ ಕಡಿಮೆ ಇದೆ ಎಂದೂ ಹೇಳಿದರು. “ದಿನಕ್ಕೆ ಎಷ್ಟು ಸಲ ಜಗ್ಗುತ್ತದೆ?” ಎಂದು ಕೇಳಿದ್ದಕ್ಕೆ ನಾನು, “ಒಂದೋ ಎರಡೋ,” ಎಂದೆ. ನಂಬಿಕೆಯಿಂದಲೇ ಹೇಳಿದೆ.

ಇಲ್ಲಿಂದ ಮುಂದಕ್ಕೆ ನನ್ನ ನೆನಪು ತೆಳುವಾಗುತ್ತದೆ. ಕಪಾಟಿನ ದಾಖಲೆಯ ಪ್ರಕಾರ ‘ಎರಡು ಸಲ ಉಳಿಸುವ ದೋಷ’ವನ್ನು ನಾನು ಹುಡುಕಲು ಶುರುಮಾಡಿದ್ದು ಒಂದು ಸಲವಲ್ಲ, ನಾಲ್ಕು ಸಲ. ಪ್ರತಿ ಸಲವೂ ಹೊಸದಾಗಿ ಕಂಡುಹಿಡಿದವನಂತೆ ಶೀರ್ಷಿಕೆ ಕೊಟ್ಟು ಬರೆದಿದ್ದೇನೆ. ನಾಲ್ಕನೆಯದರ ಕೆಳಗೆ ನನ್ನದೇ ಸಾಲು: ‘ಎಚ್ಚರಿಕೆ ಸುಳ್ಳು. ಎಚ್ಚರಿಕೆಯನ್ನು ತೆಗೆದುಹಾಕಿದೆ.’

ನನ್ನ ಪಕ್ಕದಲ್ಲಿದ್ದ ಒಂದೇ ಸಾಕ್ಷಿಯ ಬಾಯಿ ನಾನೇ ಮುಚ್ಚಿಸಿದೆ.

ಶೆಟ್ಟರ ಹೇಳಿಕೆ ಇದು. ಅವರು ಕುಂದಾಪುರದ ಕಡೆಯವರು, ಗೋದಾವರಿಯ ದಂಡೆಯ ಗದ್ದಲದಲ್ಲಿ ನಲವತ್ತು ವರ್ಷದಿಂದ ಇಡ್ಲಿ ಮಾಡಿಸುತ್ತಿದ್ದಾರೆ. ನಾನು ದಿನಾ ಬೆಳಿಗ್ಗೆ ಎಂಟಕ್ಕೆ ಹೋಗಿ ಎರಡು ಇಡ್ಲಿ, ಒಂದು ಕಾಫಿ ಮುಗಿಸಿ ಬರುತ್ತಿದ್ದೆ. ಆ ದಿನಗಳಲ್ಲಿ ಒಂಬತ್ತೂವರೆಗೆ ಮತ್ತೆ ಹೋಗಿ ಅದೇ ಮೇಜಿಗೆ ಕೂತು, “ಏನ್ ಶೆಟ್ಟರ, ಇವತ್ತ ಗದ್ದಲ ಭಾಳ,” ಎಂದು ಮೊದಲಿನಿಂದ ಶುರುಮಾಡುತ್ತಿದ್ದೆನಂತೆ.

ಗುಣವಾದ ಮೇಲೆ, “ಮತ್ತ ಹೇಳಬೇಕಿತ್ತಲ್ರಿ?” ಎಂದು ಕೇಳಿದೆ.

“ಹೇಗೆ ಹೇಳುದು ಮಾರಾಯ್ರೆ?” ಅಂದರು. “ಗಿರಾಕಿ ಎರಡು ಸಲ ಬಂದ್ರೆ ಯಾಕೆ ಬಂದ್ರಿ ಅಂತ ಕೇಳ್ಲಿಕ್ಕೆ ಆಗ್ತದಾ? ದೇಸಾಯರಿಗೆ ಹಸಿವು ಜಾಸ್ತಿ ಆಗಿದೆ ಅಂತ ಗ್ರೈಂಡರ್ ಹತ್ರ ನಿಂತು ಮಾತಾಡಿದ್ದು ನಾವು.” ಆಮೇಲೆ, “ಒಂದು ದಿನ ಮೂರು ಸಲ ಬಂದಿರಿ. ಆ ದಿನ ನಂಗೂ ಹೆದರಿಕೆ ಆಯ್ತು. ಮನೆ ನಂಬರ್ ಇರ್ಲಿಲ್ಲ ನನ್ನ ಹತ್ರ,” ಅಂದರು.

ಕಪಾಟಿನಲ್ಲಿ ಶೆಟ್ಟರ ಕಾರ್ಡಿತ್ತು. ಶೆಟ್ಟರ ಹತ್ತಿರ ನಮ್ಮ ಮನೆಯ ನಂಬರಿರಲಿಲ್ಲ.

ಒಂದು ಶನಿವಾರ ನಾನು ಎಂದಿನಂತೆ ಬಸ್ಸು ಹತ್ತಿದ್ದೇನೆ. ಟಿಕೆಟು ಚೀಲದಲ್ಲಿ ಸಿಕ್ಕಿದೆ. ಸಂಭಾಜಿನಗರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಸುನಂದಾಗೆ ಫೋನು ಮಾಡಿದ್ದೇನೆ. ನಾನು ಹೇಳಿದ್ದು, ಅವಳು ಹೇಳುವಂತೆ, ಇಷ್ಟು: “ಸುನಂದಾ, ನಾ ಇಲ್ಲಿಗೆ ಯಾಕ ಬಂದೀನಿ?”

“ಏನ್ರಿ ಈ ಚ್ಯಾಷ್ಟಿ? ಊಟಕ್ಕ ಬಂದೀರಿ. ಮೆಂತ್ಯಾ ಪಲ್ಯಾ ಮಾಡೀನಿ. ಆಟೋ ಹಿಡೀರಿ.”

“ಹೌದಾ? ಸರಿ.” ಮರುಗಳಿಗೆಗೆ, “ಅಲ್ಲಾ, ನಾ ಇಲ್ಲಿಗೆ ಯಾಕ ಬಂದೀನಿ?”

ಅವಳು ಕೇತಕಿಯನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ಬಂದಳು. ನಾನು ಪುಣೆಯ ಬಸ್ಸುಗಳು ನಿಲ್ಲುವ ಕಡೆ, ಚೀಲ ಎದೆಗೆ ಒತ್ತಿಕೊಂಡು, ಅಪರಿಚಿತರಿಗೆ ದಾರಿ ಬಿಡುತ್ತ ನಿಂತಿದ್ದೆನಂತೆ. ಅವಳನ್ನು ಕಂಡು ಗುರುತು ಹಿಡಿದು ನಕ್ಕೆ. ಮನೆ ಮುಟ್ಟುವಷ್ಟರಲ್ಲಿ ಅದೇ ಪ್ರಶ್ನೆಯನ್ನು ಐದು ಸಲ ಕೇಳಿದೆ. ಸುನಂದಾ ಇನ್ನೂ ಅರ್ಧ ತಮಾಷೆ ಎಂದುಕೊಂಡೇ ಇದ್ದಳು.

“ಮಮ್ಮಿ, ಪಪ್ಪಾ ಮಸ್ತಿ ಮಾಡತ ಇಲ್ಲ,” ಅಂದಳು ಕೇತಕಿ. “ಅವರ ಡೋಳೆ ನೋಡು.” ಡೋಳೆ ಎಂದರೆ ಕಣ್ಣು. ಗಾಬರಿಯಾದಾಗ ಅವಳಿಗೆ ಕನ್ನಡದ ಪದ ಸಿಗುವುದಿಲ್ಲ.

ಆಸ್ಪತ್ರೆಯ ಮೊದಲ ದಿನಗಳನ್ನು ನಾನು ಬೇರೆಯವರ ಬಾಯಿಂದ ಜೋಡಿಸಿಕೊಂಡಿದ್ದೇನೆ. ನರರೋಗ ವಿಭಾಗದ ಹೊರಗೆ ಉದ್ದನೆಯ ಕಬ್ಬಿಣದ ಬೆಂಚುಗಳು, ಒಂದರ ಕಾಲು ಕುಂಟು. ಅಲ್ಲಿ ನಮ್ಮ ಪಕ್ಕದಲ್ಲಿ ಖುಲ್ತಾಬಾದಿನ ಒಬ್ಬ ಹೆಂಗಸು ಕೂತಿದ್ದರು, ಹೆಸರು ಶಕೀಲಾ. ದರ್ಗಾದ ಮುಂದೆ ಹೂವಿನ ಚಾದರ ಮಾರುವವರು. ಗಂಡನಿಗೆ ಫಿಟ್ಸ್, ತಿಂಗಳಿಗೊಮ್ಮೆ ತೋರಿಸಲು ಬರುತ್ತಾರೆ. ನಾನು ಅವರ ಹೆಸರು ಕೇಳಿದೆನಂತೆ. ಹೇಳಿದರು. ಎರಡು ನಿಮಿಷದಲ್ಲಿ ಮತ್ತೆ ಕೇಳಿದೆ. ಮತ್ತೆ ಹೇಳಿದರು. ಏಳನೇ ಸಲಕ್ಕೆ ಸುನಂದಾಗೆ ಅವಮಾನವಾಗಿ, “ರೀ, ಸಾಕ್ರಿ, ಅವರು ಆಗಲೇ ಹೇಳ್ಯಾರಲ್ಲ!” ಎಂದು ರೇಗಿದಳು. ಕನ್ನಡ ತಿಳಿಯದಿದ್ದರೂ ಶಕೀಲಾ ಅವರಿಗೆ ಧ್ವನಿ ತಿಳಿಯಿತು.

“ಪೂಛನೇ ದೋ ಬಹನ್,” ಅಂದರು. “ಬೋಲನೇ ಸೇ ನಾಮ್ ಘಿಸ್ತಾ ಥೋಡೀ ಹೈ.” ಕೇಳಲಿ ಬಿಡಿ, ಹೇಳಿದರೆ ಹೆಸರೇನು ಸವೆದು ಹೋಗುತ್ತದೆಯೇ ಎಂದು. ಆಮೇಲೆ ನನ್ನ ಕಡೆ ತಿರುಗಿ, ಮೊದಲ ಸಲ ಹೇಳುವವರಂತೆ, “ಶಕೀಲಾ, ಭಾಯ್‌ಸಾಬ್. ಔರ್ ಆಪ್?” ಎಂದರು.

ಸುನಂದಾ ಆ ಬೆಂಚಿನ ಮೇಲೆ ಮೊದಲ ಸಲ ಅತ್ತದ್ದು ಆಗ. ಇದನ್ನು ಅವಳು ಹೇಳಿಲ್ಲ, ಕೇತಕಿ ಹೇಳಿದ್ದು.

ಡಾಕ್ಟರು ಹೆಂಗಸು, ಮರಾಠಿಯವರು, ನಿಧಾನ ಮಾತು. ನನಗೆ ಮೂರು ಪದ ಕೊಟ್ಟರು: ಆಂಬಾ, ಖುರ್ಚಿ, ನದಿ. ಮಾವು, ಕುರ್ಚಿ, ಹೊಳೆ. ನಾನು ಸರಿಯಾಗಿ ಹೇಳಿದೆ. ಐದು ನಿಮಿಷ ಬೇರೆ ಮಾತಾಡಿಸಿ, ಆ ಮೂರು ಪದ ಯಾವುವು ಎಂದು ಕೇಳಿದರು. ನಾನು ಸಭ್ಯವಾಗಿ ಕೇಳಿದೆನಂತೆ: “ಯಾವ ಪದಗಳು?”

ಮರೆತವನಿಗೆ ಮರೆತದ್ದಾದರೂ ಗೊತ್ತಿರುತ್ತದೆ ಎಂದು ಸುನಂದಾ ತಿಳಿದಿದ್ದಳು. ನನಗೆ ಯಾರೂ ಯಾವ ಪದವನ್ನೂ ಕೊಟ್ಟೇ ಇರಲಿಲ್ಲ.

ಅಷ್ಟರಲ್ಲಿ ನನ್ನ ಎಡಗೈ ಜಗ್ಗಿದ್ದನ್ನು ಕಂಡಿದ್ದ ಡಾಕ್ಟರು ಸುನಂದಾಗೆ ಕೇಳಿದರು: ಇದು ಎಂದಿನಿಂದ? ಕೈ ಜಗ್ಗುವುದು ಎಂದಿನಿಂದ? ದಿನಕ್ಕೆ ಎಷ್ಟು ಸಲ? ಕೈ ಜಗ್ಗುತ್ತದೆ ಎಂಬುದನ್ನೇ ಅವಳು ಆ ಕೋಣೆಯಲ್ಲಿ ಮೊದಲು ಕೇಳಿದ್ದು. ಶನಿವಾರ, ಭಾನುವಾರಗಳಲ್ಲಿ ನಾನು ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದೆ. ಅವಳು ಚಳಿ ಎಂದುಕೊಂಡಿದ್ದಳು. ಇದು ಮುಪ್ಪಿನ ಮರೆವಾದರೆ ಮಾಡುವುದು ಕಡಿಮೆ, ಕೆಲವೇ ತಿಂಗಳಲ್ಲಿ ಬಂದದ್ದಾದರೆ ಬೇರೆ ಕಾರಣ ಹುಡುಕಬೇಕು, ಆದಷ್ಟು ಬೇಗ ಹುಡುಕಬೇಕು ಎಂದರು ಡಾಕ್ಟರು. ಎಲ್ಲವೂ ‘ಎಂದಿನಿಂದ’ ಎಂಬ ಪ್ರಶ್ನೆಯ ಮೇಲೆ ನಿಂತಿತ್ತು. ಉತ್ತರ ಕೊಡಬೇಕಾದವನು ನಾನು. ನಾನು ಆ ಕೋಣೆಯಲ್ಲಿದ್ದೂ ಇರಲಿಲ್ಲ.

“ಇಷ್ಟ ದಿನಾ ಮುಚ್ಚಿಟ್ಟೀರಿ,” ಅಂದಳು ಸುನಂದಾ, ನನಗೆ, ಡಾಕ್ಟರ ಎದುರಿಗೇ. “ನನಗ ಯಾಕ ಹೇಳಲಿಲ್ರಿ? ನಾ ಯಾರು ನಿಮಗ?”

ನಾನು ಗೋಡೆಯ ಕಡೆ ತಿರುಗಿದೆನಂತೆ.

ಕೇತಕಿ ನನ್ನ ಚೀಲದಿಂದ ಲ್ಯಾಪ್‌ಟಾಪು ತೆಗೆದದ್ದು ಆಗ. ಕಪಾಟು ತೆರೆಯುವ ಗುಪ್ತಪದ ಅವಳಿಗೆ ಗೊತ್ತು, ಅವಳ ಬೆಕ್ಕಿನ ಹೆಸರು. ‘ಎಡಗೈ’ ಎಂದು ಹುಡುಕಿದಳು. ಸಾಲುಗಳು ಬಂದವು. ಅವಳು ಕನ್ನಡವನ್ನು ಕೂಡಿಸಿ ಕೂಡಿಸಿ ಓದುತ್ತಾಳೆ. ಡಾಕ್ಟರ ಮೇಜಿನ ಮೇಲೆ ಲ್ಯಾಪ್‌ಟಾಪು ಇಟ್ಟು, ಬೆರಳು ಇಟ್ಟು ಓದಿದಳು:

“ಎಡ-ಗೈ ಜಗ್-ಗಿತು. ಸುನಂದಾ-ಗೆ ಹೇಳ-ಬೇಕು.”

ತಾರೀಖು, ಗಳಿಗೆ ಹೇಳಿದಳು. ಡಾಕ್ಟರು ಬರೆದುಕೊಂಡರು. ಕೇತಕಿ ಮುಂದಿನದು ಓದಿದಳು. “ಎಡಗೈ ಜಗ್ಗಿತು. ಸುನಂದಾಗೆ ಹೇಳಬೇಕು.” ಬೇರೆ ತಾರೀಖು. ಮೂರನೆಯದು. ನಾಲ್ಕನೆಯದರ ಹೊತ್ತಿಗೆ ಅವಳ ಓದು ಸರಾಗವಾಗಿತ್ತು, ಏಕೆಂದರೆ ಪದಗಳು ಅವೇ. ಏಳನೆಯದಕ್ಕೆ ಸುನಂದಾ ಎದ್ದು ಹೊರಗೆ ಹೋದಳು. ಕೇತಕಿ ನಿಲ್ಲಿಸಲಿಲ್ಲ. ಒಟ್ಟು ಹನ್ನೊಂದಿದ್ದವು; ಎರಡನೆಯದರಿಂದ ಮುಂದಿನವೆಲ್ಲ ನಾನು ಎಚ್ಚರಿಕೆ ತೆಗೆದುಹಾಕಿದ ಮೇಲಿನವು. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಒಂಬತ್ತು ವಾರ. ಒಂದು ಅಕ್ಷರದ ವ್ಯತ್ಯಾಸವಿಲ್ಲ.

ಹನ್ನೊಂದು ಸಲ ನಾನು ಹೆಂಡತಿಗೆ ಹೇಳಬೇಕೆಂದು ತೀರ್ಮಾನಿಸಿದ್ದೆ. ಪ್ರತಿ ಸಲವೂ ಮೊದಲ ಸಲ.

ಡಾಕ್ಟರು ಪರದೆಯ ಕಡೆ ಬಗ್ಗಿ, ಬೇರೆ ಕಾರ್ಡುಗಳ ಬರಹದ ನಡುವೆ ಬಿದ್ದಿದ್ದ ಚಿಹ್ನೆಗಳನ್ನು ತೋರಿಸಿ, ಇದೇನು ಎಂದು ಕೇಳಿದರು. ಕೇತಕಿಗೆ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಗೋಡೆ ನೋಡುತ್ತ ಕೂತಿದ್ದ ನಾನು ಆಗ ಬಾಯಿ ಬಿಟ್ಟೆನಂತೆ. “ಎಲ್ಲಾ ಸ್ವರಾನ ಅದಾವ,” ಅಂದೆ. “ವ್ಯಂಜನ ಒಂದೂ ಇಲ್ಲ. ಎಲ್ಲಾ ಎಡಗೈ ಕೀಲಿ.”

ಪತ್ರಿಕೆಯವರು ಬಳಸುವ ಕೀಲಿಗಳ ಜೋಡಣೆ ಮರಾಠಿಗೂ ಕನ್ನಡಕ್ಕೂ ಒಂದೇ. ಸ್ವರಗಳು, ಕೊಂಬು, ಗುಡಿಸು, ಏತ್ವ ಎಲ್ಲವೂ ಎಡಗೈಯ ಬೆರಳ ಕೆಳಗೆ. ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಕೈ ಜಗ್ಗಿದಾಗೆಲ್ಲ ಎಡಗೈ ಕೆಳಗಿನ ಕೀಲಿ ಒತ್ತಿ ಹೋಗಿದೆ, ಕಪಾಟು ಅದನ್ನು ಗಳಿಗೆಯ ಸಮೇತ ಬರೆದುಕೊಂಡಿದೆ. ಐದು ನಿಮಿಷದ ಹಿಂದಿನ ಮೂರು ಪದ ಉಳಿಯದ ತಲೆಯಲ್ಲಿ ಮೂವತ್ತು ವರ್ಷದ ಬೆರಳಿನ ಅಭ್ಯಾಸ ಉಳಿದಿತ್ತು. ಕೇತಕಿ ಆ ದಿನವೇ ಕೂತು ಎಣಿಸಿದಳು. ನಾನು ‘ಒಂದೋ ಎರಡೋ’ ಎಂದಿದ್ದು ಒಂದೊಂದು ದಿನ ಮೂವತ್ತು ದಾಟಿತ್ತು. ಅದೂ ನಾನು ಟೈಪು ಮಾಡುತ್ತಿದ್ದ ಹೊತ್ತಿನದು ಮಾತ್ರ.

ಆ ಎಣಿಕೆ ಮತ್ತು ಆ ತಾರೀಖುಗಳನ್ನು ನೋಡಿದ ಮೇಲೆ ಡಾಕ್ಟರಿಗೆ ಅನುಮಾನ ಒಂದೇ ಕಡೆ ತಿರುಗಿತು. ರಕ್ತ ತೆಗೆದರು, ಬೆನ್ನಿನಿಂದ ನೀರು ತೆಗೆದರು, ಬೇರೆ ಊರಿನ ಪ್ರಯೋಗಾಲಯಕ್ಕೆ ಕಳಿಸಿದರು. ಕಾಯಿಲೆಗೆ ಉದ್ದನೆಯ ಹೆಸರಿದೆ. ಸುನಂದಾಗೆ ಅವರು ಹೇಳಿದ್ದು ಇಷ್ಟು: ಮೈಯನ್ನು ಕಾಯಬೇಕಾದ ಪಹರೆಯವರೇ ನೆನಪಿನ ಜಾಗದ ಮೇಲೆ ಬಿದ್ದಿದ್ದಾರೆ, ಅವರನ್ನು ತಡೆಯಲು ಔಷಧ ಇದೆ, ತಡವಾಗಬಾರದು. ವರದಿಗೆ ಕಾಯದೆ ಸ್ಟಿರಾಯ್ಡ್ ಶುರುಮಾಡಿದರು. ಐದು ದಿನ ಬಾಟಲಿಯಿಂದ, ಆಮೇಲೆ ತಿಂಗಳುಗಟ್ಟಲೆ ಮಾತ್ರೆ. ವರದಿ ಬಂದಾಗ ಅನುಮಾನ ನಿಜವಾಗಿತ್ತು.

ಮೂರನೇ ದಿನ ಕೈ ನಿಂತಿತು. ನೆನಪು ಹಾಗೆ ಒಂದೇ ದಿನ ಬರಲಿಲ್ಲ. ನನಗೆ ಮೊದಲು ಉಳಿದ ದೃಶ್ಯ ಇದು: ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಸುನಂದಾ ಪೇರಲಹಣ್ಣು ಹೆಚ್ಚುತ್ತಿದ್ದಾಳೆ. ನಾನು ಸ್ಟಿರಾಯ್ಡಿನ ಹಸಿವಿಗೆ ನಾಲ್ಕನೆಯದು ಕೇಳುತ್ತಿದ್ದೇನೆ. ಕಿಟಕಿಯಲ್ಲಿ ಬೆಳಗಿನ ಬಿಸಿಲು. ನಾನು ಅವಳಿಗೆ, “ಆಂಬಾ, ಖುರ್ಚಿ, ನದಿ,” ಎಂದೆ. ಡಾಕ್ಟರು ದಿನಾ ಕೇಳುತ್ತಿದ್ದರಂತೆ. ಆ ದಿನ ಕೇಳುವ ಮೊದಲೇ ಹೇಳಿದೆ. ಅವಳ ಕೈಯಲ್ಲಿದ್ದ ಚಾಕು ಕೆಳಗೆ ಬಿತ್ತು. ಪಕ್ಕದ ಹಾಸಿಗೆಯವರು ಬೈದರು.

ಅಷ್ಟಕ್ಕೆ ಎಲ್ಲ ಸರಿಹೋಯಿತು ಎಂದು ಬರೆದರೆ ಇನ್ನೊಂದು ತಿದ್ದುಪಡಿ ಹಾಕಬೇಕಾಗುತ್ತದೆ.

ಮನೆಗೆ ಬಂದು ಮೂರು ವಾರಕ್ಕೆ, ನಾನು ಕುಳಿತು ಓದುವಷ್ಟಾದ ಮೇಲೆ, ಕೇತಕಿ ಆ ಹನ್ನೊಂದು ಸಾಲುಗಳನ್ನು ನನಗೆ ತೋರಿಸಿದಳು. ಓದಿದೆ. ಬೇರೆ ಯಾರದೋ ಕೈಬರಹ ಸಿಕ್ಕಂತಿತ್ತು. ಆದರೆ ವಾಕ್ಯ ನನ್ನದೇ, ಪೂರ್ಣವಿರಾಮ ಹಾಕುವ ರೀತಿ ನನ್ನದೇ. ಸತ್ತವರ ಸುದ್ದಿ, ಅಪಘಾತದ ಸುದ್ದಿ ಎಷ್ಟೋ ತಿದ್ದಿದ್ದೇನೆ. ನಾನು ಇಲ್ಲದಾಗ ನಾನು ಬರೆದ ಸುದ್ದಿಯನ್ನು ಓದಿದ್ದು ಅದೇ ಮೊದಲು.

ನಿಜ ಹೇಳಬೇಕೆಂದರೆ ಸ್ವಲ್ಪ ಸಮಾಧಾನವೂ ಆಯಿತು. ಸುನಂದಾಗೆ ಹೇಳಿದೆ: “ನೋಡು, ಮುಚ್ಚಿಟ್ಟಿಲ್ಲ ನಾ. ಮರತೀನಿ ಅಷ್ಟ. ದಾಖಲೆ ಐತಿ.”

ಅವಳು ಬಟ್ಟೆ ಮಡಿಸುತ್ತಿದ್ದಳು. “ಹನ್ನೊಂದೂ ಮರತೀರೇನು?” ಅಂದಳು.

“ಹೌದು.”

“ಮೊದಲನೇದು?”

ಮೊದಲನೆಯ ಕಾರ್ಡಿನ ತಾರೀಖು ನೋಡಿದೆ. ದಸರೆಗೆ ಮೊದಲಿನ ಬುಧವಾರ, ಬೆಳಿಗ್ಗೆ. ಆ ಬುಧವಾರ ನನಗೆ ನೆನಪಿದೆ. ಚಹಾದ ಲೋಟ ಚೆಲ್ಲಿತ್ತು. ಮೇಜು ಒರೆಸಿ, ಕಪಾಟು ತೆರೆದು ಬರೆದೆ. ಫೋನು ಪಕ್ಕದಲ್ಲೇ ಇತ್ತು. ಬರೆದಾದ ಮೇಲೆ ಒಂದು ಕೆಲಸ ಮುಗಿದ ಹಾಗಾಯಿತು. ದಾಖಲಿಸಿದೆ, ಇನ್ನು ಅದು ಸುರಕ್ಷಿತ ಎಂಬ ಭಾವ. ಆ ಶನಿವಾರ ಹೋದೆ, ಅವಳು ಕಚೇರಿಯ ತಕರಾರು ಹೇಳುತ್ತಿದ್ದಳು, ಇವಳ ತಲೆಗೆ ಇದನ್ನೂ ಯಾಕೆ ಹಾಕಲಿ ಎಂದುಕೊಂಡೆ. ಅದೂ ನೆನಪಿದೆ. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡದ್ದು ಕಾಯಿಲೆಯಲ್ಲ, ನಾನು.

“ಮೊದಲನೇದು ಮರತಿಲ್ಲ,” ಅಂದೆ.

ಅವಳು ಮಡಿಸಿದ ಬಟ್ಟೆಯನ್ನು ಮತ್ತೆ ಬಿಡಿಸಿ ಮಡಿಸಿದಳು. “ಅಷ್ಟ ಕೇಳಬೇಕಾಗಿತ್ತು ನನಗ,” ಅಂದಳು. “ಉಳಿದ ಹತ್ತು ರೋಗದ್ದು. ಅದಕ್ಕ ನಾ ಬೈಯೂದಿಲ್ಲ. ಮೊದಲನೇದಕ್ಕ ಬೈತೀನಿ. ಇವತ್ತಲ್ಲ, ನಿಮಗ ಪೂರಾ ನೆಟ್ಟಗಾಗಲಿ.”

ಬೈದಳು. ನೆಟ್ಟಗಾದ ಮೇಲೆ, ಮಾತು ಕೊಟ್ಟಂತೆ. ಅದರ ವಿವರ ಇಲ್ಲಿ ಬೇಡ.

ಕೇತಕಿ ಹತ್ತು ಕಾರ್ಡು ಅಳಿಸಿ ಒಂದು ಉಳಿಸೋಣ ಎಂದಳು. ನಾನು ಬೇಡವೆಂದೆ. ಅಚ್ಚಾದದ್ದನ್ನು ಅಳಿಸುವುದಿಲ್ಲ, ತಿದ್ದುಪಡಿ ಹಾಕುತ್ತೇವೆ. ಎಚ್ಚರಿಕೆಯನ್ನು ಮಾತ್ರ ವಾಪಸು ಹಾಕಿದೆ. ಕೈಗೆ ಬಲ ಬಂದ ಮೇಲೆ ನಾನು ಮಾಡಿದ ಮೊದಲ ಪ್ರೋಗ್ರಾಮಿಂಗ್ ಕೆಲಸ ಅದು. ಶೆಟ್ಟರಿಗೆ ಮನೆಯ ನಂಬರು ಕೊಟ್ಟೆ. ಅವರು ಗಲ್ಲಾದ ಹಿಂದಿನ ದೇವರ ಫೋಟೋದ ಕೆಳಗೆ ಅಂಟಿಸಿಕೊಂಡಿದ್ದಾರೆ. “ಇನ್ನು ಎರಡನೇ ಇಡ್ಲಿ ಪ್ಲೇಟ್ ಕೇಳಿದ್ರೆ ಮೊದ್ಲು ಫೋನ್, ಮತ್ತೆ ಇಡ್ಲಿ,” ಎನ್ನುತ್ತಾರೆ.

ಈಗ ನಾಸಿಕದಲ್ಲಿ ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ಮೊದಲ ಪುಟ ಕೊಟ್ಟಿಲ್ಲ, ಪುರವಣಿ ಕೊಟ್ಟಿದ್ದಾರೆ. ಆ ಆರು ವಾರ ವಾಪಸು ಬಂದಿಲ್ಲ, ಬರುವುದಿಲ್ಲ ಎಂದಿದ್ದಾರೆ ಡಾಕ್ಟರು. ಮರುಕಳಿಸಬಹುದೇ ಎಂದು ಕೇಳಿದೆ. ಬಹುದು ಎಂದರು. ಮೂರು ತಿಂಗಳಿಗೊಮ್ಮೆ ಅದೇ ಬೆಂಚಿನ ಮೇಲೆ ಕೂರುತ್ತೇನೆ. ಶಕೀಲಾ ಎರಡು ಸಲ ಸಿಕ್ಕಿದ್ದಾರೆ. ಅವರ ಹೆಸರು ನಾನೇ ಮೊದಲು ಹೇಳುತ್ತೇನೆ.

ಹೋದ ವಾರ, ಬೆಳಿಗ್ಗೆ ಹತ್ತರ ಸುಮಾರಿಗೆ, ಕಪಾಟಿನಲ್ಲಿ ಬರೆದೆ: ‘ಗ್ಯಾಸ್ ಬುಕ್ ಮಾಡಬೇಕು.’

ಪರದೆಯ ಮೇಲೆ ಮೂಡಿತು: ‘ಆಗಲೇ ಹೇಳೀರಿ.’

ಎಚ್ಚರಿಕೆ ವಾಪಸು ಹಾಕಿದ ಮೇಲೆ ಅದು ಮಾತಾಡಿದ್ದು ಅದೇ ಮೊದಲು. ನನ್ನ ಎರಡೂ ಕೈ ಮೇಜಿನ ಮೇಲಿದ್ದವು. ಎಡಗೈಯನ್ನು ನೋಡುತ್ತ ಎಷ್ಟು ಹೊತ್ತು ಕೂತೆನೋ ತಿಳಿಯದು. ಅದು ಅಲುಗಲಿಲ್ಲ. ಹಳೆಯ ಕಾರ್ಡು ತೆರೆದೆ. ಹಿಂದಿನ ದಿನ ಸಂಜೆ ಬರೆದದ್ದು. ಬರೆದ ನೆನಪಿದೆಯೇ? ಇದೆ ಅನ್ನಿಸಿತು. ಈಗ ಓದಿದ್ದರಿಂದ ಇದೆ ಅನ್ನಿಸಿತೋ, ಗೊತ್ತಾಗಲಿಲ್ಲ. ಹೊಸ ಕಾರ್ಡಿನ ಜಾಗ ಖಾಲಿ ಇತ್ತು. ಬೆರಳುಗಳು ತಾವಾಗಿ ‘ಸು’ ಎಂದು ಬರೆದವು.

ಲ್ಯಾಪ್‌ಟಾಪು ಮುಚ್ಚಿ ಫೋನು ತೆಗೆದುಕೊಂಡೆ. ಸುನಂದಾ ಕಚೇರಿಯಲ್ಲಿದ್ದಳು. ಹಿಂದೆ ಯಾರೋ ಮರಾಠಿಯಲ್ಲಿ ಫೈಲು ಕೇಳುತ್ತಿದ್ದರು.

“ಗ್ಯಾಸ್ ಬುಕ್ ಮಾಡೂದು ಎರಡ ಸಲ ಬರದೀನಿ,” ಅಂದೆ.

ಆ ಕಡೆ ಕುರ್ಚಿ ಸರಿದ ಸದ್ದು. ಅವಳು ಹೊರಗೆ ಬಂದಳೆಂದು ಕಾಣುತ್ತದೆ, ಗದ್ದಲ ಕಡಿಮೆಯಾಯಿತು.

“ಕೈ?”

“ಜಗ್ಗಿಲ್ಲ.”

“ಮೂರು ಪದ ಹೇಳ್ರಿ.”

“ಆಂಬಾ, ಖುರ್ಚಿ, ನದಿ.”

“ಗ್ಯಾಸ್ ನಾನೂ ಎರಡೆರಡ ಸಲ ಮರೀತೀನಿ,” ಅಂದಳು. “ಆದ್ರೂ ಸೋಮವಾರ ರಕ್ತಾ ಕೊಟ್ಟು ಬರೂಣು. ನಾ ರಜಾ ಹಾಕ್ತೀನಿ.”

ಫೋನಿಟ್ಟ ಮೇಲೆ ಐದು ನಿಮಿಷಕ್ಕೆ ನನಗೆ ಅನುಮಾನ ಶುರುವಾಯಿತು. ಫೋನು ಮಾಡಿದೆನೋ, ಮಾಡಬೇಕೆಂದುಕೊಂಡೆನೋ? ಫೋನಿನಲ್ಲಿ ನೋಡಿದರೆ ತಿಳಿಯುತ್ತಿತ್ತು. ನೋಡಲಿಲ್ಲ. ಮತ್ತೆ ಮಾಡಿದೆ.

“ಸುನಂದಾ, ಗ್ಯಾಸಿಂದು ಹೇಳೀನೇನು ನಿನಗ?”

“ಆಗಲೇ ಹೇಳೀರಿ,” ಅಂದಳು. ಒಂದು ಉಸಿರು ಬಿಟ್ಟು, “ಇನ್ನೊಮ್ಮೆ ಹೇಳ್ರಿ,” ಅಂದಳು.